ಆಕಳ ಕಿವಿಯ ಒಳಗೆ

ಆಷಾಢದಲ್ಲಿ ನಮ್ಮ ಗೌರಿಯ ಕಿವಿ ಮಡಚಿ ನೋಡಿದರೆ ಒಳಗೆ ಉಣುಗು ಸಾಲಾಗಿ ಕೂತಿರುತ್ತವೆ. ರಕ್ತ ಕುಡಿಯದವು ಚಪ್ಪಟೆ, ಕಂದು ಬಣ್ಣ. ಕುಡಿದು ಉಬ್ಬಿದವು ಬೂದು ಬಣ್ಣ, ಕೆಲವು ಬಟಾಣಿಯಷ್ಟು ದಪ್ಪ. ನಾನು ಸಣ್ಣವಳಿದ್ದಾಗ ಅಪ್ಪ ಅವನ್ನು ಕಿತ್ತು ಬಚ್ಚಲ ಒಲೆಯ ಕೆಂಡಕ್ಕೆ ಹಾಕುತ್ತಿದ್ದರು. ಚಟ್ ಅಂತ ಸದ್ದಾಗುತ್ತಿತ್ತು. ಆಕಳಿಗೆ ತುರಿಕೆ, ಹಾಲು ಕಡಿಮೆ, ಅಷ್ಟೇ ಆಗಿನ ಲೆಕ್ಕ. ಈ ಉಣುಗಿಗೂ ಫೆಬ್ರವರಿಯಲ್ಲಿ ಊರಿಗೆ ಬರುವ ಮಂಗನ ಕಾಯಿಲೆಯ ಜ್ವರಕ್ಕೂ ನಂಟು ಇದೆ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ನಮ್ಮದು ಸಿದ್ದಾಪುರ ತಾಲೂಕು. ಮನೆ, ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಎಲೆ ತರುವ ಕಾಡು), ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರ. ಮಂಗನ ಕಾಯಿಲೆ ಮೊದಲು ಗೊತ್ತಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲೂಕಿನಲ್ಲಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಆಫ್ರಿಕಾ ಕಡೆಯ ಹಳದಿ ಜ್ವರ ಇಲ್ಲಿಗೂ ಬಂತೇನೋ ಅಂತ ವಿಜ್ಞಾನಿಗಳು ಗಾಬರಿಯಾಗಿದ್ದರಂತೆ. ಪುಣೆಯಿಂದ ಬಂದ ತಂಡ ಹುಡುಕಿದಾಗ ಸಿಕ್ಕಿದ್ದು ಬೇರೆಯದೇ ವೈರಸ್. ಹರಡುವುದು ಸೊಳ್ಳೆ ಅಲ್ಲ, ಉಣುಗು. ನಮ್ಮಜ್ಜಿ ಕಾಲದಿಂದ ಈ ಕಾಯಿಲೆಯ ಹೆಸರು ಕೇಳುತ್ತಲೇ ಬೆಳೆದವರು ನಾವು.

ನಾನು ಎರಡು ವರ್ಷ ಒಂದು ಸಂಶೋಧನಾ ತಂಡದ ಜೊತೆ ಕೆಲಸ ಮಾಡಿದೆ. ಬಿ.ಎಸ್ಸಿ. ಓದಿದ್ದೆ, ಊರಿನ ದಾರಿ ಗೊತ್ತಿತ್ತು, ಮನೆಮನೆಗೆ ಹೋಗಿ ಮಾತಾಡಿಸಲು ಬರುತ್ತಿತ್ತು. ಕೆಲಸ ಎರಡು ಥರ. ಒಂದು, ಕೊಟ್ಟಿಗೆಗೆ ಹೋಗಿ ದನದ ಮೈಮೇಲಿನ ಉಣುಗು ಎಣಿಸುವುದು. ಇನ್ನೊಂದು, ಬೆಟ್ಟದಲ್ಲಿ ಬಟ್ಟೆ ಎಳೆಯುವುದು.

ಬಟ್ಟೆ ಎಳೆಯುವುದು ಅಂದರೆ ಹೀಗೆ. ಒಂದು ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಗೆ ಕೋಲು ಕಟ್ಟಿ, ಒಣಗಿದ ಎಲೆಗಳ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತೇವೆ. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ತಿರುವಿ ನೋಡಬೇಕು. ಮೊದಲ ದಿನ ನನಗೆ ಏನೂ ಕಾಣಲಿಲ್ಲ. ಜೊತೆಗಿದ್ದವರು "ಉಸಿರು ಬಿಡಿ ಅದರ ಮೇಲೆ" ಅಂದರು. ಉಸಿರು ಬಿಟ್ಟೆ. ಗಸಗಸೆ ಕಾಳಿನಂಥ ಚುಕ್ಕೆಯೊಂದು ಎದ್ದು ನಡೆಯತೊಡಗಿತು! ನಮ್ಮ ಉಸಿರು ತಾಗಿದರೆ ಸಾಕು, ಊಟ ಬಂತು ಅಂತ ಅದಕ್ಕೆ ಗೊತ್ತಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎಂಟು ಕಾಲು. ಮೊಟ್ಟೆಯಿಂದ ಆಗಷ್ಟೇ ಬಂದದ್ದಕ್ಕೆ ಆರೇ ಕಾಲು. ಒಂದು ಊಟ ಮುಗಿಸಿ, ಪೊರೆ ಬಿಟ್ಟ ಮೇಲೆ ಎಂಟು. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ಅಂಟಿಸುವುದು ಈ ಎಂಟು ಕಾಲಿನ ಮರಿಯೇ. ಕಚ್ಚಿದರೂ ನೋವಿಲ್ಲ. ಕಂಡರೂ ಮಣ್ಣಿನ ಕಣ ಅಂದುಕೊಳ್ಳುತ್ತೇವೆ.

ಈ ಉಣುಗಿನ ವರ್ಷ ನಮ್ಮ ಬೇಸಾಯದ ವರ್ಷದ ಜೊತೆಗೇ ಸುತ್ತುತ್ತದೆ. ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಮಳೆಗಾಲದಲ್ಲಿ ಬೆಳೆದ ಉಣುಗು ದನದಂಥ ದೊಡ್ಡ ಪ್ರಾಣಿಯ ಮೈ ಹತ್ತುತ್ತದೆ. ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರಿ, ಎಲೆಯ ಅಡಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿಯುವಾಗ ಆರು ಕಾಲಿನ ಮರಿ ಬರುತ್ತವೆ. ಅವು ಇಲಿ, ಹಕ್ಕಿ, ಮಂಗ ಸಿಕ್ಕಿದ್ದನ್ನು ಹಿಡಿಯುತ್ತವೆ. ನವೆಂಬರ್‌ನಿಂದ ಮೇ ತನಕ ಎಂಟು ಕಾಲಿನವುಗಳ ಕಾಲ. ಅದೇ ಹೊತ್ತಿಗೆ ಬೆಟ್ಟದಲ್ಲಿ ಎಲೆ ಉದುರುತ್ತದೆ. ಅದೇ ಹೊತ್ತಿಗೆ ನಾವು ದರಕು ಗುಡಿಸಲು ಹೋಗುತ್ತೇವೆ.

ಹೊರಗಿನವರಿಗೆ ದರಕು ಗೊತ್ತಿರಲಿಕ್ಕಿಲ್ಲ. ಉದುರಿದ ಒಣ ಎಲೆ. ಅದನ್ನು ಗುಡಿಸಿ, ಕಲ್ಲಿ ಅನ್ನುವ ಹಗ್ಗದ ಬಲೆಗೆ ಕಾಲಿನಿಂದ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ದನದ ಕಾಲಡಿ ಹಾಸುತ್ತೇವೆ. ಸಗಣಿ, ಗಂಜಲ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ದರಕಿಲ್ಲದೆ ನಮ್ಮ ತೋಟ ಇಲ್ಲ. "ಕಾಡಿಗೆ ಹೋಗಬೇಡಿ" ಅನ್ನುವ ಬೋರ್ಡು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಹೋಗದೆ ಏನು ಮಾಡುವುದು, ಅಲ್ವಾ?

ಹೋಗುವವರು ಯಾರು ಅನ್ನುವುದೂ ಮುಖ್ಯ. ನಮ್ಮ ಬೆಟ್ಟದಲ್ಲಿ ದರಕು ಗುಡಿಸುತ್ತಿದ್ದವರು ನಮ್ಮ ಕೆಲಸಕ್ಕೆ ಬರುವ ಅಕ್ಕ. ಹೆಸರು ಬರೆಯುವುದಿಲ್ಲ. ಒಂದು ಮಾಘ ಮಾಸದಲ್ಲಿ ಅವರಿಗೆ ಒಮ್ಮೆಲೇ ಜ್ವರ ಬಂತು. ತಲೆ ಸಿಡಿಯುವ ನೋವು, ಸೊಂಟ ಎತ್ತಲು ಆಗದಷ್ಟು ಮೈ ನೋವು, ಕಣ್ಣು ಕೆಂಪು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಸಾಮಾನ್ಯ ವೈರಲ್ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದರು. ಬೆಟ್ಟಕ್ಕೆ ಹೋಗಿದ್ದಿರಾ ಅಂತ ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾಲ್ಕನೇ ದಿನ ಒಸಡಿನಿಂದ ರಕ್ತ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು.

ಈ ಕಾಯಿಲೆಗೆ ಅಂತಲೇ ಬೇರೆ ಔಷಧ ಇಲ್ಲ. ಡ್ರಿಪ್ ಹಾಕಿ, ರಕ್ತಸ್ರಾವ ನೋಡಿಕೊಂಡು, ಕಾಯಬೇಕು. ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಕೆಲವರಿಗೆ ಬಿಟ್ಟ ಜ್ವರ ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ಮಿದುಳಿಗೂ ತಾಗಬಹುದು. ಅಕ್ಕನಿಗೂ ಎರಡನೇ ಸಲ ಬಂತು. ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಉಳಿದರು. ಆದರೆ ಮಳೆ ಹಿಡಿಯುವ ತನಕ ಕೆಲಸಕ್ಕೆ ಹೋಗಲು ಆಗಲಿಲ್ಲ. ನಮ್ಮ ತೋಟದ ಗೊಬ್ಬರಕ್ಕೆ ಅವರು ಕೊಟ್ಟ ಬೆಲೆ ಇದು. ನನಗೆ ಇವತ್ತಿಗೂ ಅದು ಕೊರೆಯುತ್ತದೆ.

ಲಸಿಕೆ ಇತ್ತು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಚುಚ್ಚಿದ ಕಡೆ ತುಂಬಾ ನೋವು, ಕಾಯುವ ಶಕ್ತಿಯೂ ಸಾಲುತ್ತಿರಲಿಲ್ಲ. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಸದ್ಯ ಕೈಯಲ್ಲಿರುವುದು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತುವುದಿಲ್ಲ. ಆದರೆ ಬೆವರಿನ ಜೊತೆ ಅಂಟುತ್ತದೆ, ಉರಿಯುತ್ತದೆ ಅಂತ ಹೆಂಗಸರು ಹೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಬಾಟಲಿ ಮುಚ್ಚಳ ತೆಗೆಯದೆ ಮಾಡಿನ ಸಂದಿಯಲ್ಲಿ ಇರುವುದನ್ನು ನಾನೇ ನೋಡಿದ್ದೇನೆ. ಅವರನ್ನು ಬೈಯಲು ಮನಸ್ಸಾಗುವುದಿಲ್ಲ.

ಹೆಸರು ಮಂಗನದು. ಪಾಪ, ಮುಸಿಯಗಳು ನಮಗಿಂತ ಮೊದಲು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಸುತ್ತಲಿನ ನೆಲದಲ್ಲೇ ಇರುತ್ತವೆ. ಅದಕ್ಕೇ ಹತ್ತಿರ ಹೋಗದೆ ಕೂಡಲೇ ತಿಳಿಸಿ ಅನ್ನುವುದು. ದನಕ್ಕೆ ಈ ವೈರಸ್‌ನಿಂದ ಕಾಯಿಲೆ ಬರುವುದಿಲ್ಲ. ಆದರೆ ಉಣುಗನ್ನು ಸಾಕುವುದು ದನವೇ. 1969ರಲ್ಲೇ ಬೋಶೆಲ್ ಅನ್ನುವ ವಿಜ್ಞಾನಿ ಇದನ್ನು ಬರೆದಿದ್ದರು: ಕಾಡು ಕಡಿದು ಗದ್ದೆ, ತೋಟ ಮಾಡಿದ ಅಂಚಿನಲ್ಲಿ ದನ ಮೇಯುತ್ತವೆ, ಅಲ್ಲಿ ಉಣುಗು ಜಾಸ್ತಿಯಾಗುತ್ತವೆ ಅಂತ. 2020ರ ಒಂದು ಅಧ್ಯಯನದಲ್ಲೂ ಕಾಡು, ತೋಟ ಕಲಸಿಕೊಂಡಿರುವ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಅಂತ ಬಂತು. ಓದುವಾಗ ನಮ್ಮ ಮನೆಯ ನಕ್ಷೆಯನ್ನೇ ಯಾರೋ ಬರೆದ ಹಾಗಿತ್ತು. ಗೋವಾದ ಸತ್ತರಿ, ಸಿಂಧುದುರ್ಗದ ದೋಡಾಮಾರ್ಗ್ ತನಕ ಈಗ ಕಾಯಿಲೆ ಹೋಗಿದೆ. ಅಲ್ಲಿ ಗೇರು ತೋಟಕ್ಕೆ ಹೋಗುವವರಿಗೆ ಬರುತ್ತದೆ.

ಹಾಗಂತ ದನ ಮಾರಿಬಿಡಿ ಅನ್ನುವವಳು ನಾನಲ್ಲ. ಮಳೆಗಾಲದಲ್ಲಿ ಅದರ ಮೈ ನೋಡಿ ಅನ್ನುತ್ತೇನೆ. ಜೂನ್, ಜುಲೈನಲ್ಲಿ ಯಾರಿಗೂ ಮಂಗನ ಕಾಯಿಲೆ ನೆನಪಿರುವುದಿಲ್ಲ. ನೆನಪಾಗುವುದು ಪೇಪರಿನಲ್ಲಿ ಮೊದಲ ಸಾವಿನ ಸುದ್ದಿ ಬಂದಾಗ. ಅಷ್ಟರಲ್ಲಿ ಮೊಟ್ಟೆ ಒಡೆದು ಮರಿಯಾಗಿ ತಿಂಗಳುಗಳೇ ಆಗಿರುತ್ತವೆ. ಕಾಡಿನಲ್ಲಿ ಬೇರೆ ಪ್ರಾಣಿಗಳೂ ಇವೆ, ನಮ್ಮ ಮೂರು ದನ ನೋಡಿಕೊಂಡರೆ ಎಲ್ಲ ಮುಗಿಯಿತು ಅಂತಲ್ಲ. ಆದರೂ ಇದು ನಮ್ಮ ಕೈಯಲ್ಲಿ ಇರುವ ಕೆಲಸ.

ಈಗ ನಾವು ಪಶುವೈದ್ಯರನ್ನು ಕೇಳಿ ಬೆನ್ನಿಗೆ ಸುರಿಯುವ ಔಷಧ ಹಾಕುತ್ತೇವೆ. ಹಾಕಿದ ದಿನ ದನ ಹೊರಗೆ ಬಿಡುವುದಿಲ್ಲ, ಮಳೆಗೆ ತೊಳೆದು ಹೋಗುತ್ತದೆ. ಇಂಜೆಕ್ಷನ್ ಕೊಟ್ಟರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳಿಕೊಳ್ಳಲೇಬೇಕು. ಕಿತ್ತ ಉಣುಗನ್ನು ಉಗುರಲ್ಲಿ ಹಿಸುಕುವುದಿಲ್ಲ, ಸೀಮೆಎಣ್ಣೆ ಡಬ್ಬಿಗೆ ಹಾಕುತ್ತೇವೆ. ದರಕು ತಂದರೆ ಬಚ್ಚಲ ಹಿಂದೆ ರಾಶಿ ಹಾಕುತ್ತಿದ್ದೆವು, ಈಗ ಬಿಸಿಲು ಬೀಳುವ ಅಂಗಳದ ಆಚೆ. ಗುಡಿಸಿ ಬಂದವರಿಗೆ ಮೊದಲು ಬಿಸಿನೀರು, ಬಟ್ಟೆ ಅಲ್ಲೇ ಕುದಿಯುವ ಹಂಡೆಗೆ. ಆಮೇಲೆ ಚಾ.

ಮೊನ್ನೆ ಸಂಜೆ ಜಿಟಿಜಿಟಿ ಮಳೆ. ಅಕ್ಕ ಬಂದಿದ್ದರು. ನಾನು ಗೌರಿಯ ಕಿವಿ ಮಡಚಿ ಹಿಡಿದೆ, ಅವರು ಟಾರ್ಚ್ ಹಿಡಿದರು. ಗೌರಿ ತಲೆ ಕೊಡವುತ್ತಲೇ ಇದ್ದಳು. ಎಡಗಿವಿಯಲ್ಲಿ ನಾಲ್ಕು, ಬಲಗಿವಿಯಲ್ಲಿ ಎರಡು, ಬಾಲದ ಬುಡದಲ್ಲಿ ಒಂದು. ಹೋದ ವರ್ಷ ಇದೇ ಹೊತ್ತಿಗೆ ಮೂವತ್ತೊಂದು ಅಂತ ನನ್ನ ನೋಟ್‌ಬುಕ್ಕಿನಲ್ಲಿದೆ. ಅಕ್ಕ ಡಬ್ಬಿ ಮುಚ್ಚಿ, "ನಮ್ಮನೆ ದನಕ್ಕೂ ನೋಡೂಕೆ ಬಾ" ಅಂದರು. ನಾಳೆ ಹೋಗುತ್ತೇನೆ. ಅವರಲ್ಲಿ ಎರಡು ದನ, ಪಕ್ಕದ ಮನೆಯಲ್ಲಿ ಐದು.