ಬಿಪಿ ನೋಡುವವರ ಬಿಪಿ

ಕೋವಿಡ್ ಕಾಲದಲ್ಲಿ ವಾರ್ಡಿನಲ್ಲಿ ದುಡಿದ ನಮ್ಮಂಥ ದಾದಿಯರ ರಕ್ತದೊತ್ತಡ ಏರಿದ್ದಕ್ಕೆ ಭಯವೊಂದೇ ಕಾರಣ ಎಂದು ಹಲವರು ತಿಳಿದಿದ್ದಾರೆ. ಭಯವಿದ್ದದ್ದು ನಿಜ, ಆದರೆ ಕೆಲಸದ ರೀತಿಯೇ ದೇಹವನ್ನು ಆ ಸ್ಥಿತಿಗೆ ತಳ್ಳಿತು ಎಂಬುದು ನನ್ನ ಅಭಿಪ್ರಾಯ.

ಆರೋಗ್ಯವಂತರ ರಕ್ತದೊತ್ತಡ ರಾತ್ರಿ ನಿದ್ದೆಯಲ್ಲಿ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಸಾಲು ಸಾಲು ರಾತ್ರಿ ಪಾಳಿ ಮಾಡಿದವರಿಗೆ ಆ ವಿಶ್ರಾಂತಿಯೇ ಸಿಗುವುದಿಲ್ಲ. ಪಿಪಿಇ ಕಿಟ್ ತೊಟ್ಟ ಮೇಲೆ ಮೂತ್ರಕ್ಕೆ ಹೋಗುವಂತಿರಲಿಲ್ಲ, ಬಿಗಿಯಾದ ಎನ್‌95 ಮಾಸ್ಕಿನಿಂದ ತಲೆ ಸಿಡಿಯುತ್ತಿತ್ತು, ಅದಕ್ಕೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದೆವು. ಆ ಮಾತ್ರೆ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಒತ್ತಡವನ್ನು ಹೆಚ್ಚಿಸಬಲ್ಲದು.

ನಮ್ಮ ಹಿರಿಯ ಸಿಸ್ಟರ್ ಒಬ್ಬರು ಪಾಳಿ ಮುಗಿಸಿ ಕಿಟ್ ಕಳಚಿ ಸ್ಟೂಲಿನ ಮೇಲೆ ಕುಳಿತಾಗ, ಹಣೆಯಲ್ಲಿ ಕನ್ನಡಕದ ಅಚ್ಚು ಕೆಂಪಗೆ ಮೂಡಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 168/104. "ಅಕ್ಕಾ, ಬಿಪಿ ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿದೆ. "ಬಿಟ್ಟಿದ್ದೀನಿ ಕಣಮ್ಮ, ಅದನ್ನ ತಗೊಂಡ್ರೆ ಕೊರೋನಾ ಜೋರಾಗುತ್ತಂತೆ" ಎಂದರು. ವೈರಸ್ಸು ಜೀವಕೋಶದ ಮೇಲಿರುವ ಎಸಿಇ2 ಎಂಬ ಗ್ರಾಹಕದ (ರಿಸೆಪ್ಟರ್) ಮೂಲಕ ಒಳಹೊಗುತ್ತದೆ ಎಂದು ಗೊತ್ತಾದ ಮೇಲೆ, ಎನಾಲಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳು ಆ ಗ್ರಾಹಕವನ್ನು ಹೆಚ್ಚಿಸಬಹುದು ಎಂದು ಹುಟ್ಟಿದ ಗುಮಾನಿ ಅದು. ಯುರೋಪು, ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2020ರ ಮಾರ್ಚ್‌ನಲ್ಲಿಯೇ ಮಾತ್ರೆ ನಿಲ್ಲಿಸಬೇಡಿ ಎಂದು ಸಾರಿದ್ದರೂ, ಆ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

ಆಶಾ ಕಾರ್ಯಕರ್ತೆಯರ ಪಾಡು ಇನ್ನೂ ಕಷ್ಟದ್ದು. ಮನೆ ಮನೆ ಸಮೀಕ್ಷೆಗೆ ಬಿಸಿಲಲ್ಲಿ ಅಲೆದ ಅವರು, 12,000 ರೂಪಾಯಿ ಮಾಸಿಕ ಗೌರವಧನಕ್ಕಾಗಿ, ರಕ್ಷಣಾ ಸಾಮಗ್ರಿಗಾಗಿ 2020ರ ಜುಲೈನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ದುಡಿಮೆಗೆ ತಕ್ಕ ಹಣ ಕೈಸೇರದ ಚಿಂತೆಯೂ ರಕ್ತದೊತ್ತಡದ ಲೆಕ್ಕಕ್ಕೆ ಸೇರಬೇಕಾದದ್ದೇ.

ಒಮ್ಮೆ ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಹಾಗೆಯೇ, ಬಿಡುವಿನ ದಿನ ವೈದ್ಯರ ಮುಂದೆ 140/90ಕ್ಕಿಂತ ಕಡಿಮೆ ಬಂದರೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಕೆಲಸದ ಹೊತ್ತಿನಲ್ಲಷ್ಟೇ ಏರುವ, ತಪಾಸಣೆಯಲ್ಲಿ ಅಡಗಿಕೊಳ್ಳುವ ಒತ್ತಡವೂ ಉಂಟು. ಆದ್ದರಿಂದ ಸಿಬ್ಬಂದಿಯ ರಕ್ತದೊತ್ತಡವನ್ನು ಪಾಳಿಯ ನಡುವೆ ಒಮ್ಮೆ, ಮನೆಯಲ್ಲಿ ಕೆಲವು ದಿನ ಬೆಳಿಗ್ಗೆ ಸಂಜೆ ಅಳೆದು ಬರೆದಿಡಬೇಕು. ಏರಿರುವುದು ಖಚಿತವಾದವರಿಗೆ ಚಿಕಿತ್ಸೆಯ ಜೊತೆಗೆ ರಾತ್ರಿ ಪಾಳಿಯನ್ನೂ ಕಡಿಮೆ ಮಾಡಬೇಕು.