ಲಗ್ನಪತ್ರಿಕೆಯಂಥ ಲಕೋಟೆ

"ಇದು ಬ್ಯಾಂಕಿನ ನೋಟೀಸ್ ಇದ್ದಂಗ ಐತಿ ನೋಡವಾ. ಒಡಿಯಾಕ ಅಂಜಿಕಿ ಬರತೈತಿ."

ನಮ್ಮ ಸಂಜೆ ಶಾಲೆಯಲ್ಲಿ ಅಡುಗೆ ಮಾಡುವ ಅವ್ವ ಹೀಗಂದದ್ದು 2024ರ ಫೆಬ್ರವರಿಯಲ್ಲಿ. ಅವಳ ಕೈಯಲ್ಲಿದ್ದದ್ದು ಹಿಂದಿನ ವರ್ಷ ದಾನಿಗಳಿಗೆ ಕಳಿಸಿ ಉಳಿದಿದ್ದ ಲಕೋಟೆ. ಕಂದು ಬಣ್ಣ, ಪ್ರಿಂಟ್ ಮಾಡಿದ ಲೇಬಲ್, ಒಳಗೆ "ಮಾನ್ಯ ದಾನಿಗಳೇ" ಅಂತ ಶುರುವಾಗುವ ಎರಡು ಪುಟದ ಪತ್ರ. 200 ಜನಕ್ಕೆ ಕಳಿಸಿದ್ದೆವು. ಏಳು ಜನ ಉತ್ತರ ಬರೆದಿದ್ದರು.

ಕೊಪ್ಪಳದ ಹತ್ತಿರದ ಹಳ್ಳಿ ನಮ್ಮದು. ಆ ಸಲ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅಪ್ಪ ಅಮ್ಮ ಗುಳೆ ಹೋದ ಮನೆಗಳಲ್ಲಿ ಅಜ್ಜಿ, ಮೊಮ್ಮಕ್ಕಳು ಮಾತ್ರ. ಆ ಮಕ್ಕಳಿಗೆ ಸಂಜೆ ಪಾಠ, ಹೊಟ್ಟೆ ತುಂಬ ಊಟ ನಮ್ಮಲ್ಲಿ. ಮಾರ್ಚ್ 31ರೊಳಗೆ ಕೊಟ್ಟರೆ ಅದೇ ವರ್ಷದ ಲೆಕ್ಕಕ್ಕೆ ದಾನದ ಮೇಲೆ ತೆರಿಗೆ ರಿಯಾಯಿತಿ ಸಿಗುತ್ತದಲ್ಲ, ಹಾಗಾಗಿ ಎಷ್ಟೋ ಸಂಸ್ಥೆಗಳ ಪತ್ರಗಳು ಮಾರ್ಚ್ ಕೊನೆಗೇ ದಾನಿಗಳ ಮನೆಗೆ ಬೀಳುತ್ತವೆ. ಆ ರಾಶಿಯಲ್ಲಿ ನಮ್ಮದನ್ನೇ ಯಾಕೆ ಒಡೆಯಬೇಕು?

"ಲಗ್ನಪತ್ರಿಕಿ ಬಂದ್ರ ಯಾರರ ಒಡಿಲಾರದ ಇಡತಾರೇನು? ಹೆಸರು ಕೈಲೇ ಬರದಿರತಾರ. ಮೂಲ್ಯಾಗ ಅರಿಷಿಣ ಇರತೈತಿ" ಅಂದಳು ಅವ್ವ.

ಮುಂದಿನ ಭಾನುವಾರ ಇಡೀ ದಿನ ಅದೇ ಕೆಲಸ. 186 ಬಿಳಿ ಲಕೋಟೆ ತಂದೆವು. ನಾನು, ಇಬ್ಬರು ಟೀಚರು ಕೂತು ನೀಲಿ ಪೆನ್ನಿನಲ್ಲಿ ವಿಳಾಸ ಬರೆದೆವು. ಅವ್ವ ಅರಿಷಿಣ ಕಲಸಿಕೊಂಡು ಬೆರಳಲ್ಲಿ ಮೂಲೆಗೆ ಹಚ್ಚುತ್ತಾ ಹೋದಳು. ಮೊದಲ ನಾಲ್ಕೈದರಲ್ಲಿ ನೀರು ಜಾಸ್ತಿಯಾಗಿ ಹಳದಿ ಹರಿದು ಶಾಯಿಗೆ ಸೇರಿತು. ಆಮೇಲೆ ಗಟ್ಟಿಯಾಗಿ ಕಲಸಿ, ಒಂದೊಂದನ್ನೂ ಫ್ಯಾನ್ ಕೆಳಗೆ ಹರಡಿ ಒಣಗಿಸಿದಳು.

ಪತ್ರ ಒಂದೇ ಪುಟಕ್ಕೆ ಇಳಿಸಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಹೋಗುತ್ತವೆ. ನಮ್ಮ ಓಣಿಯಲ್ಲಿ ಆಗ ಕೇಳುವುದು ಒಂದೇ ಮಾತು: ನಿಮ್ಮ ಮನೆಯಿಂದ ಎಷ್ಟು ರೊಟ್ಟಿ? ಕೊಡುವವರಿಗೆ ತಾವು ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರುತ್ತದೆ. ನಾನೂ ಹಾಗೇ ಬರೆದೆ: ಒಂದು ಮಗುವಿನ ಒಂದು ತಿಂಗಳ ಊಟಕ್ಕೆ 750 ರೂಪಾಯಿ, ನೀವು ಎಷ್ಟು ತಿಂಗಳು ಕೊಡುತ್ತೀರಿ? 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿಯವರಿಗೆ ಅದು ಇಲ್ಲವೇ ಇಲ್ಲ. ಅದನ್ನೂ ಕೆಳಗೆ ಬಿಡಿಸಿ ಬರೆದೆ.

ಅಳುವ ಮಗುವಿನ ಫೋಟೋ ಹಾಕಿ ಅಂತ ಒಬ್ಬರು ಹೇಳಿದ್ದರು. ನನಗೆ ಮನಸ್ಸು ಬರಲಿಲ್ಲ. ಈ ಮಕ್ಕಳು ನಾಳೆ ದೊಡ್ಡವರಾಗಿ ಆ ಕಾಗದ ನೋಡಿದರೆ ತಲೆ ತಗ್ಗಿಸುವಂತಾಗಬಾರದು, ಅಲ್ವಾ? ಅದರ ಬದಲು 31 ಮಕ್ಕಳಿಗೆ ತಲಾ ಆರು ಚೀಟಿ ಕೊಟ್ಟೆ. ಒಂದೊಂದರಲ್ಲೂ ಒಂದು ಭಾಗಾಕಾರ ಲೆಕ್ಕ ಮಾಡಿ, ಕೆಳಗೆ "ಈಗ ನನಗೆ ಇದು ಬರುತ್ತದೆ" ಅಂತ ಬರೆದರು. ಅದನ್ನೇ ಪತ್ರದ ಜೊತೆ ಇಟ್ಟೆವು.

ಐದು ರೂಪಾಯಿಯ ಅಂಚೆ ಚೀಟಿ, 186ಕ್ಕೆ 930 ರೂಪಾಯಿ. ಮಾರ್ಚ್ ಬರುವ ಮುಂಚೆಯೇ ಕಳಿಸಿದೆವು. ತಿಂಗಳೊಳಗೆ 43 ಜನ ದುಡ್ಡು ಕಳಿಸಿದರು. ಹಿಂದಿನ ವರ್ಷ ಸುಮ್ಮನಿದ್ದವರೇ ಜಾಸ್ತಿ.

ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರು ಮೂರು ತಿಂಗಳ ಊಟದ ಚೆಕ್ ಜೊತೆ ಚೀಟಿಯನ್ನೂ ವಾಪಸ್ ಕಳಿಸಿದ್ದರು. ಹುಡುಗ 96ನ್ನು 8ರಿಂದ ಭಾಗಿಸಿ 11 ಅಂತ ಬರೆದಿದ್ದ. ನಾವು ಯಾರೂ ನೋಡಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಇನ್ನೊಮ್ಮೆ ಮಾಡು ಮಗಾ" ಅಂತಿತ್ತು.

ಹುಡುಗ ಚೀಟಿ ಹಿಡಿದು ಬಾಗಿಲ ಹತ್ತಿರ ಕೂತ. ಬೆರಳು ಮಡಿಚಿ ಎಂಟರ ಮಗ್ಗಿ ಹೇಳಿಕೊಂಡ. 11ನ್ನು ಒಂದು ಗೆರೆ ಎಳೆದು ಹೊಡೆದು 12 ಅಂತ ಬರೆದ. ರಸೀದಿ ಜೊತೆ ಅದನ್ನು ಮತ್ತೆ ಧಾರವಾಡಕ್ಕೆ ಕಳಿಸಿದೆವು. ಆ ಲಕೋಟೆಯ ಮೂಲೆಗೆ ಅರಿಷಿಣ ಹಚ್ಚಿದ್ದು ಅವನೇ.