ಫೋಟೋದ ಬೆನ್ನು

ಇವತ್ತು ಅಮ್ಮನ ಹಳೇ ಆಲ್ಬಮ್ ಸ್ಕ್ಯಾನ್ ಮಾಡಲು ಕೂತೆ. ಅಂಟಿನ ಹಾಳೆ, ಫೋಟೋಗಳು ಕಚ್ಚಿಕೊಂಡಿವೆ. ಡೆಂಟಲ್ ಫ್ಲಾಸ್ ದಾರ ಅಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಒಂದೊಂದೇ ಬಿಡಿಸಿದೆ. ಸ್ಕ್ಯಾನರ್‌ನಲ್ಲಿ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇಟ್ಟೆ. ಆಮೇಲೆ ದೊಡ್ಡದು ಮಾಡಿದರೂ ಮುಖ ಒಡೆಯಬಾರದು, ಅಲ್ವಾ?

ಅಜ್ಜಿಯ ಫೋಟೋ ಕೈಜಾರಿ ಮಗುಚಿ ಬಿತ್ತು. ಹಿಂದೆ ನೀಲಿ ಶಾಯಿಯಲ್ಲಿ ತಾತನ ಅಕ್ಷರ: ‘1974. ಹೊಸ ಸೀರೆ. ನಗು ಅಂದರೆ ನಗಲಿಲ್ಲ.’

ಅಷ್ಟರಲ್ಲಿ ನಲವತ್ತು ಫೋಟೋ ಮುಗಿಸಿದ್ದೆ, ಬರೀ ಮುಂದಿನ ಬದಿ! ಎಲ್ಲವನ್ನೂ ಮತ್ತೆ ತಿರುಗಿಸಿ ಕೂತೆ. ಜಾಸ್ತಿ ಖಾಲಿಯೇ.

ಅಮ್ಮನಿಗೆ ತೋರಿಸಿದೆ. "ಸೀರೆ ಬಣ್ಣ ಅವರಿಗೆ ಹಿಡಿಸಿರಲಿಲ್ಲ ಕಣೋ, ಗಿಳಿಹಸಿರು" ಅಂದಳು.

ಫೋಟೋ ಕಪ್ಪುಬಿಳುಪು. ಫೈಲಿಗೆ ಹೆಸರಿಟ್ಟೆ: ಅಜ್ಜಿ, 1974, ಗಿಳಿಹಸಿರು.